ಏಟು ತಿನ್ನುವ ಹೊಸ್ತಿಲು

ಸೊಂಟದ ಮೂಳೆಗೆ ದಪ್ಪ ಸೂಜಿ ಇಳಿದಾಗ ಎಂಟು ವರ್ಷದ ಚೆನ್ನಿ ಕಿರುಚಿದ ರಭಸಕ್ಕೆ ಇಡೀ ವಾರ್ಡು ತಿರುಗಿ ನೋಡಿತು. ಪಕ್ಕದಲ್ಲೇ ಕೂತಿದ್ದ ಅಪ್ಪ ಮುರಿಗೆಪ್ಪ ಮೋಸಂಬಿ ಸುಲಿಯುತ್ತಿದ್ದ. ಮಗಳು ಅವನ ಮುಂಗೈಗೆ ಬಾಯಿ ಹಾಕಿ ಕಚ್ಚಿದಳು, ರಕ್ತ ಬಂತು. ಅವನು ಕೈ ಒರೆಸಿಕೊಂಡು, ಒಂದು ತೊಳೆ ಬಿಡಿಸಿ ಅವಳ ಬಾಯಿಗೆ ಹಿಡಿದ.

ಎಂಥ ಕಲ್ಲೆದೆಯವನಪ್ಪಾ ಅಂದುಕೊಳ್ಳಬೇಡಿ. ಅವನ ಕಿವಿಯ ಹಿಂದೆ ತಾಳ್ಮೆಪಟ್ಟಿ ಅಂಟಿತ್ತು. ೨೦೬೧ರ ಹೊತ್ತಿಗೆ ಹುಬ್ಬಳ್ಳಿಯ ಆ ಮಕ್ಕಳ ಆಸ್ಪತ್ರೆಯಲ್ಲಿ ಪ್ರತಿ ತಂದೆತಾಯಿಗೂ ಅದನ್ನು ಹಚ್ಚುತ್ತಿದ್ದರು. ಮಿದುಳಿನಿಂದ ಗುಂಡಿಗೆಗೆ ಇಳಿಯುವ ನರಕ್ಕೆ ಅದು ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತದೆ. ಭಯ, ಸಿಟ್ಟು ತಲೆ ಎತ್ತುವ ಮೊದಲೇ ಎದೆಬಡಿತ ತಣ್ಣಗಾಗುತ್ತದೆ. ಹೆತ್ತವರು ಕುಸಿಯದಿದ್ದರೆ ಮಗು ಧೈರ್ಯವಾಗಿರುತ್ತದೆ ಎಂಬುದು ಅದನ್ನು ಕಂಡುಹಿಡಿದ ಡಾಕ್ಟರ್ ಸುನೇತ್ರಾ ಅವರ ಲೆಕ್ಕ.

ಹಾಳಾದ ಲೆಕ್ಕ! ಮರುದಿನ ಬೆಳಗ್ಗೆ ರಕ್ತದ ಕ್ಯಾನ್ಸರಿಗೆ ಔಷಧಿ ಹರಿಸಬೇಕು ಎನ್ನುವಾಗ ಚೆನ್ನಿ ಕೈಗೆ ಚುಚ್ಚಿದ್ದ ನಳಿಯನ್ನು ಕಿತ್ತೆಸೆದಳು. ಹಾಸಿಗೆ ತುಂಬ ರಕ್ತ. ಮತ್ತೆ ಹಾಕಲು ಬಂದ ನರ್ಸಿನ ಮುಖಕ್ಕೆ ಸ್ಟೀಲಿನ ಲೋಟ ಬೀಸಿದಳು, ಹುಬ್ಬು ಒಡೆಯಿತು. ಅವತ್ತಿನ ಔಷಧಿ ತಪ್ಪಿದರೆ ರೋಗ ಕೈಮೀರುತ್ತಿತ್ತು. ಡಾಕ್ಟರ್ ಸುನೇತ್ರಾ ಅವರೇ ಬಂದು ಪಕ್ಕದಲ್ಲಿ ಕೂತು, ಯಾಕೆ ಬೇಡ ಎಂದು ಕೇಳಿದರು. ಚೆನ್ನಿ ಅಪ್ಪನ ಕಡೆ ಬೆರಳು ತೋರಿಸಿದಳು.

“ಇಂವ ನಮ್ಮಪ್ಪ ಅಲ್ರೀ. ನಮ್ಮಪ್ಪ ಹೊಡೀತಿದ್ದ.”

“ನಿನಗ ಹೊಡೀತಿದ್ನೇನವಾ?”

“ನನಗಲ್ರೀ. ಹೊಸ್ತಿಲಕ್ಕ.”

ಅವಳು ಎಡವಿ ಬಿದ್ದಾಗಲೆಲ್ಲ ಮುರಿಗೆಪ್ಪ ಓಡಿಬಂದು, ನನ್ನ ಮಗಳನ್ನು ಕೆಡವುತ್ತೀಯಾ ಎಂದು ಹೊಸ್ತಿಲಿಗೆ ಪಟಪಟ ಬಾರಿಸುತ್ತಿದ್ದ. ಮಗುವಿಗೆ ನೋವು ಮಾಡಿದ್ದಕ್ಕೆ ಏಟು ಕೊಡುವುದು ನಮ್ಮ ಮನೆಗಳ ಪದ್ಧತಿಯೇ ಅಲ್ಲವೆ? ಇಲ್ಲಿ ಮೂರು ತಿಂಗಳಿಂದ ಸೂಜಿ ಚುಚ್ಚುತ್ತಿದ್ದಾರೆ, ಅಪ್ಪ ಯಾವುದಕ್ಕೂ ಒಂದು ಏಟು ಹಾಕಿಲ್ಲ. ತಾನು ಅವನಿಗೆ ಬೇಡವಾಗಿದ್ದೇನೆ ಎಂದೇ ಅವಳು ತಿಳಿದಿದ್ದಳು.

ಮುರಿಗೆಪ್ಪನಿಗೆ ಮಾತು ಅರ್ಥವಾಯಿತು, ಸಂಕಟ ಮಾತ್ರ ಆಗಲಿಲ್ಲ. ಆಗದೇ ಇದ್ದದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕಿವಿಯ ಹಿಂದೆ ಉಗುರು ಹಾಕಿ ಪಟ್ಟಿಯನ್ನು ಚರ್ಮದ ಸಮೇತ ಕಿತ್ತ. ಮೂರು ತಿಂಗಳಿನದೆಲ್ಲ ಒಮ್ಮೆಲೇ ನುಗ್ಗಿತು. ಟ್ರ್ಯಾಕ್ಟರ್ ಟ್ರಾಲಿಗಳಿಗೆ ವೆಲ್ಡಿಂಗ್ ಮಾಡುವ ಆ ಕೈ ಮೊದಲು ಸಲೈನಿನ ಕಂಬವನ್ನು ನೆಲಕ್ಕೆ ಅಪ್ಪಳಿಸಿ ಬಗ್ಗಿಸಿತು, ಆಮೇಲೆ ಗೋಡೆಗೆ ಗುದ್ದತೊಡಗಿತು. “ನನ್ನ ಮಗಳಿಗೆ ಚುಚ್ಚತೀಯೇನ? ನನ್ನ ಚೆನ್ನಿಗೆ?” ಗುದ್ದಿ ಗುದ್ದಿ ಬೆರಳಗಂಟು ಒಡೆದು ಬಿಳಿ ಗೋಡೆ ಕೆಂಪಾಯಿತು. ಹೋ ಎಂದು ಅತ್ತ. ಹಿಡಿಯಲು ಬಂದ ಕಾವಲುಗಾರರನ್ನು ಡಾಕ್ಟರೇ ತಡೆದರು.

ಚೆನ್ನಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆಮೇಲೆ ನರ್ಸಿನ ಕಡೆ ತೋಳು ಚಾಚಿದಳು.

“ಸಾಕ ಬಿಡಪಾ, ಅದಕ್ಕ ಬುದ್ಧಿ ಬಂತು. ಈಗ ಹಾಕ್ರಿ ಅಕ್ಕಾ.”

ಒಡೆದ ಹುಬ್ಬಿನ ಆ ನರ್ಸೇ ನಳಿ ಹಾಕಿ, ಮುರಿಗೆಪ್ಪನ ಕೈಗೂ ಬ್ಯಾಂಡೇಜು ಸುತ್ತಿದಳು. ಸುನೇತ್ರಾ ತಮ್ಮ ಪಟ್ಟಿಗಳನ್ನೆಲ್ಲ ವಾಪಸು ತರಿಸಿಕೊಂಡರು. ವಾರ್ಡಿನ ಮೂಲೆಯಲ್ಲಿ ಹಳೇ ಮರದ ಹೊಸ್ತಿಲೊಂದನ್ನು ತಂದು ಹಾಕಿಸಿದರು. ವರ್ಷ ಕಳೆಯುವುದರೊಳಗೆ ಅದು ಹೆತ್ತವರ ಏಟು ತಿಂದು ತಿಂದು ನಡುವೆ ತಗ್ಗು ಬಿದ್ದಿತ್ತು.

ಆ ಪಟ್ಟಿ ಇನ್ನೂ ಹುಟ್ಟಿಲ್ಲ, ನಿಜ. ಆದರೂ ಇವತ್ತು ಆಸ್ಪತ್ರೆಯ ನಲ್ಲಿಯಲ್ಲಿ ಮುಖ ತೊಳೆದು, ಏನೂ ಆಗಿಲ್ಲವೆಂಬಂತೆ ನಗುತ್ತ ಮಗುವಿನ ಬಳಿಗೆ ಮರಳುವ ಅಪ್ಪ ಅಮ್ಮಂದಿರಿಗೆ, ಭೇಷ್, ಹೀಗಿರಬೇಕು ಎಂದು ನಾವೇ ಬೆನ್ನು ತಟ್ಟುತ್ತೇವೆ. ಹಾಸಿಗೆಯ ಮೇಲಿನ ಮಗು ಆ ಮುಖವನ್ನೇ ನೋಡುತ್ತಿರುತ್ತದೆ.