ಎತ್ತಿಟ್ಟ ಬಟ್ಟಲು

"ಈ ಹೆಣ ಯಾರದು?"

ತಟ್ಟೆಯನ್ನು ಎಡಗೈಯಿಂದ ಆಚೆ ಸರಿಸಿ ಅತ್ತೆ ಹಾಗೆ ಕೇಳಿದಾಗ ಮೇಜಿನ ಸುತ್ತ ಕೂತಿದ್ದ ಮೂವರ ಕೈಯೂ ನಿಂತಿತು. ತಟ್ಟೆಯಲ್ಲಿದ್ದದ್ದು ಎರಡು ವಾರದ ಹಿಂದೆ ಬೇಯಿಸಿ, ಫ್ರೀಜರಿನಲ್ಲಿಟ್ಟು, ಈಗಷ್ಟೇ ಬಿಸಿ ಮಾಡಿದ ಕಾಳು, ತರಕಾರಿ. ಹಬೆಯಾಡುತ್ತಿತ್ತು. ಆದರೂ ಅತ್ತೆಯ ಕಣ್ಣಿಗೆ ಅದು ಹೆಣವೇ.

"ಎರಡು ವಾರ ಐಸಿನಲ್ಲಿ ಮಲಗಿಸಿ ಇವತ್ತು ಎಬ್ಬಿಸಿ ಕೂರಿಸಿದ್ದೀಯ. ನಿಮ್ಮ ಆಸ್ಪತ್ರೆಯಲ್ಲಿ ಇದನ್ನೇ ಕಲಿಸಿದ್ರಾ?"

ಸೊಸೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ದಿನವಿಡೀ ಹಾಸಿಗೆ ಹೊದಿಕೆಗಳನ್ನು ಕುದಿಸಿ ಹಿಂಡುವ ಕೈಗಳನ್ನು ಅವಳು ಮಡಿಲಲ್ಲಿ ಮಡಿಸಿಕೊಂಡಳು. "ಉಳಿತಾಯ ಆಗುತ್ತೆ ಅತ್ತೆ. ಎರಡು ಮೂರು ವಾರಕ್ಕಾಗೋವಷ್ಟು ಒಂದೇ ದಿನ ಮಾಡಿದ್ರೆ ಗ್ಯಾಸು ಅರ್ಧಕ್ಕರ್ಧ ಉಳಿಯುತ್ತೆ. ತರಕಾರೀನೂ ಮೂಟೆ ಲೆಕ್ಕದಲ್ಲಿ ಅಗ್ಗ."

"ಉಳಿತಾಯವಂತೆ. ಮಗೂಗೆ ಬೀದಿ ತಿಂಡಿ ತಿನ್ನಿಸಿ ಎರಡು ದಿನ ಆಸ್ಪತ್ರೆಯಲ್ಲಿ ಮಲಗಿಸಿದಾಗ ಎಲ್ಲಿ ಹೋಗಿತ್ತು ಈ ಉಳಿತಾಯ?"

ಗ್ಯಾರೇಜಿನ ಎಣ್ಣೆ ಉಗುರುಗಳಲ್ಲಿ ಇನ್ನೂ ಉಳಿದಿದ್ದ ಮಗ ಏನೋ ಹೇಳಲು ಬಾಯಿ ತೆರೆದ. ಹೆಂಡತಿಯ ಕಣ್ಣು ನೋಡಿ ಮುಚ್ಚಿದ. ಎಂಟು ವರ್ಷದ ಮೊಮ್ಮಗಳು, ಮನೆಯಲ್ಲಿ ಎಲ್ಲರೂ ಗಿಣಿ ಎಂದು ಕರೆಯುವಷ್ಟು ಮಾತಿನ ಮಲ್ಲಿ, ಈ ಒಂದು ವಿಷಯ ಬಂದಾಗ ಮಾತ್ರ ಮೂಗಿಯಾಗುತ್ತಿದ್ದಳು.

ಸತ್ಯ ಹೇಳಬೇಕೆಂದರೆ ಉಳಿತಾಯ ಎನ್ನುವುದು ಸೊಸೆ ಹೊದ್ದುಕೊಂಡ ಕಂಬಳಿ. ಅದರ ಒಳಗಿದ್ದದ್ದು ಬೇರೆಯೇ.

ಅತ್ತೆ ಮೂವತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದೊಡ್ಡ ಅಡುಗೆಯವರಾಗಿದ್ದವರು. ಇನ್ನೂರು ಜನಕ್ಕೆ ಉಪ್ಪು ಹಾಕುತ್ತಿದ್ದುದು ಕೈಯಳತೆಯಲ್ಲಿ, ರುಚಿ ನೋಡಿದವರೇ ಅಲ್ಲ. "ರುಚಿ ನೋಡಿ ಇಳಿಸೋಳು ಕಲಿಯೋಳು, ನೋಡದೆ ಇಳಿಸೋಳು ಕಲಿತೋಳು" ಎಂಬುದು ಅವರ ಜಂಬದ ಮಾತು. ಅಲ್ಲಿನ ಇನ್ನೊಂದು ಪದ್ಧತಿಯನ್ನೂ ಅವರು ಮನೆಗೆ ತಂದಿದ್ದರು. ಪ್ರತಿ ಪಾತ್ರೆಯಿಂದ ಮೊದಲ ಸೌಟನ್ನು ಒಂದು ಪುಟ್ಟ ಬಟ್ಟಲಿಗೆ ಹಾಕಿ, ತಾರೀಖು ಬರೆದ ಪಟ್ಟಿ ಅಂಟಿಸಿ ಎತ್ತಿಡಬೇಕು. ಉಂಡವರಿಗೆ ಏನಾದರೂ ಆದರೆ ಪರೀಕ್ಷೆಗೆ ಬೇಕಲ್ಲ! ಎರಡು ದಿನ ಕಳೆದ ಮೇಲೆ ಚೆಲ್ಲುವುದು. ಮೂವತ್ತು ವರ್ಷದಲ್ಲಿ ಒಂದು ಬಟ್ಟಲೂ ಪರೀಕ್ಷೆಗೆ ಹೋಗಲಿಲ್ಲ ಎಂದು ಹೇಳಿಕೊಳ್ಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ಮೂರು ತಿಂಗಳ ಹಿಂದಿನ ಒಂದು ಮಂಗಳವಾರ ಒಂದು ಬಟ್ಟಲು ಹೋಯಿತು... ಈ ಮನೆಯಿಂದಲೇ ಹೋಯಿತು. ಆವತ್ತು ಅತ್ತೆ ಕುಂಬಳಕಾಯಿ ಸೂಪಿಗೆ ಉಪ್ಪೆಂದುಕೊಂಡು ಪಾತ್ರೆ ಉಜ್ಜುವ ಸೋಡಾ ಹಾಕಿದ್ದರು. ಅದಕ್ಕೆ ಮೊದಲೇ ಸಣ್ಣಪುಟ್ಟ ಮರೆವು ಶುರುವಾಗಿತ್ತು. ಹಾಲು ಉಕ್ಕಿ ಒಲೆ ಆರಿದ್ದು, ಗ್ಯಾಸು ಸುಮ್ಮನೆ ಹರಿದದ್ದು, ಒಂದೇ ಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದದ್ದು. ವಯಸ್ಸು ಎಂದುಕೊಂಡು ಮನೆಯವರು ಸುಮ್ಮನಿದ್ದರು. ಆ ದಿನ ಶಾಲೆಯಿಂದ ಬಂದು ಉಂಡ ಮಗು ಬಾಯಿ ಗಂಟಲು ಬೆಂದು ಒದ್ದಾಡಿತು. ಸೊಸೆ ಮಗುವನ್ನೂ, ಅತ್ತೆಗೆ ಕಾಣದಂತೆ ಆ ದಿನದ ಸೂಪಿನ ಬಟ್ಟಲನ್ನೂ ಹಿಡಿದುಕೊಂಡು ಡಾಕ್ಟರ ಬಳಿ ಓಡಿದಳು. ಅವರು ಬಟ್ಟಲಿನ ಅರ್ಧವನ್ನು ಪರೀಕ್ಷೆಗೆ ತೆಗೆದುಕೊಂಡು, ಉಳಿದದ್ದನ್ನು ಹೆಪ್ಪುಗಟ್ಟಿಸಿ ಇಡಿ, ಮತ್ತೆ ಬೇಕಾದೀತು ಎಂದರು. ಮತ್ತೆ ಬೇಕಾಗಲಿಲ್ಲ. ಬಟ್ಟಲು ಫ್ರೀಜರಿನ ತಳದಲ್ಲಿ ಮಂಜಿಗೆ ಕಚ್ಚಿಕೊಂಡು ಕೂತುಬಿಟ್ಟಿತು, ಅವಳೂ ಮರೆತಳು.

ಮನೆಗೆ ಬಂದಾಗ ಬಾಗಿಲಲ್ಲೇ ಅತ್ತೆ ನಡುಗುತ್ತಾ ನಿಂತಿದ್ದರು. "ಏನು ತಿಂದಿತ್ತು ನನ್ನ ಬಂಗಾರ?" ಆ ಮುಖ ನೋಡಿದ ಸೊಸೆಯ ಬಾಯಿಂದ ತಾನಾಗಿ ಬಂದ ಸುಳ್ಳು ಅದು: "ನಾನೇ ಬೀದಿಯಲ್ಲಿ ಏನೋ ಕೊಡಿಸಿದ್ದೆ ಅತ್ತೆ..." ಅಂದಿನಿಂದ ಭಾನುವಾರವಿಡೀ ನಿಂತು ಎರಡು ಮೂರು ವಾರಕ್ಕಾಗುವ ಅಡುಗೆ ಮಾಡಿದಳು. ಅಂಗೈಯಗಲದ ಡಬ್ಬಿಗಳಲ್ಲಿ ತುಂಬಿ, ಆರಿಸಿ, ಲಾಂಡ್ರಿಯ ಬಿಳಿ ಪಟ್ಟಿಯ ಮೇಲೆ ಹೆಸರು, ತಾರೀಖು ಬರೆದು ಜೋಡಿಸಿದಳು. ಕೆಲಸಕ್ಕೆ ಹೊರಡುವಾಗ, ಅತ್ತೆ ಒಲೆ ಹಚ್ಚದಂತೆ, ಗ್ಯಾಸ್ ಒಲೆಯ ತಿರುಗಣೆಗಳನ್ನು ಕಿತ್ತು ಕೈಚೀಲಕ್ಕೆ ಹಾಕಿಕೊಂಡಳು. ಮಧ್ಯಾಹ್ನಕ್ಕೆ ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಂಡರೆ ಸಾಕು. ಅತ್ತೆ ಬೈದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಳು. ಅವಳೇನು ದೇವತೆಯಲ್ಲ. ಒಗೆಯುವ ಯಂತ್ರದ ಗದ್ದಲದಲ್ಲಿ ಯಾರಿಗೂ ಕೇಳದಂತೆ ಎಷ್ಟೋ ಸಲ ಅತ್ತಿದ್ದಳು, ಒಮ್ಮೊಮ್ಮೆ ಬೈದೂ ಇದ್ದಳು.

ಹೆಣದ ಮಾತು ಬಂದ ವಾರದ ಶನಿವಾರ ಸೊಸೆ ಅರ್ಧ ದಿನದ ಕೆಲಸ ಮುಗಿಸಿ ಬಂದಾಗ ಅಡುಗೆಮನೆಯ ನೆಲದ ತುಂಬ ಡಬ್ಬಿಗಳು. ಅತ್ತೆ ಫೋನು ಮಾಡಿ ಮಗಳನ್ನು ಕರೆಸಿದ್ದರು. ನಾದಿನಿ ಸೆರಗು ಸಿಕ್ಕಿಸಿಕೊಂಡು, ಸೌಟಿನ ಹಿಡಿಯಿಂದ ಮಂಜು ಒಡೆದು, ಫ್ರೀಜರನ್ನೇ ಬರಿದು ಮಾಡುತ್ತಿದ್ದಳು. ಮಗ ಗೋಡೆಗೆ ಒರಗಿ ನಿಂತಿದ್ದ, ಗಿಣಿ ಅವನ ಕೈ ಹಿಡಿದಿದ್ದಳು.

"ಬನ್ನಿ ಅತ್ತಿಗೆ," ಎಂದಳು ನಾದಿನಿ. "ಒಲೆಯ ತಿರುಗಣೆ ಎಲ್ಲಿ?"

ಸೊಸೆ ಕೈಚೀಲವನ್ನು ಎದೆಗೊತ್ತಿಕೊಂಡಳು.

"ಚೀಲದಲ್ಲಾ? ಕಳ್ಳರಿಗೆ ಬೀಗ ಹಾಕೋದು ಕೇಳಿದ್ದೆ, ಅಮ್ಮನ ಒಲೆಗೆ ಬೀಗ ಹಾಕೋದು ಇವತ್ತೇ ನೋಡಿದ್ದು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ಅಂಥ ತಾಯಿಗೆ ನೀವು ಐಸು ತಿನ್ನಿಸ್ತೀರಾ? ಸಾಕು. ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ."

"ಲೇ, ನಿಂಗೆ ಗೊತ್ತಿಲ್ಲ..." ಎಂದ ಮಗ.

"ನೀವು ಸುಮ್ನಿರಿ," ಎಂದಳು ಸೊಸೆ. ಬಿಸಿತುಪ್ಪ ಬಾಯಲ್ಲಿದೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ನಾದಿನಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: "ಕರ್ಕೊಂಡು ಹೋಗಮ್ಮ. ಆದ್ರೆ ಒಲೆ ಹತ್ರ ಒಬ್ಬರನ್ನೇ ಬಿಡಬೇಡ. ಅಷ್ಟೇ ಕೇಳ್ಕೊಳ್ಳೋದು."

"ನಮ್ಮಮ್ಮ ಏನು ಅಂಬೆಗಾಲಿನ ಕೂಸಾ?"

ಈ ಜಗಳದ ನಡುವೆ ಅತ್ತೆ ನೆಲದ ಮೇಲೆ ಕೂತಿದ್ದನ್ನು ಯಾರೂ ಗಮನಿಸಲಿಲ್ಲ. ಅವರ ಕೈಯಲ್ಲಿ ಮಂಜು ಮೆತ್ತಿದ ಒಂದು ಪುಟ್ಟ ಬಟ್ಟಲಿತ್ತು. ಹೆಬ್ಬೆರಳಿನಿಂದ ಪಟ್ಟಿಯನ್ನು ಉಜ್ಜಿದರು. ಅವರದೇ ದುಂಡು ಅಕ್ಷರ. ಕುಂಬಳಕಾಯಿ ಸೂಪು, ಮಂಗಳವಾರ, ಹತ್ತನೇ ತಾರೀಖು.

ಸೊಸೆ ಕೈ ಚಾಚಿದಳು. "ಅತ್ತೆ, ಅದು ಹಳೇದು, ಇಲ್ಲಿ ಕೊಡಿ."

ಅತ್ತೆ ಕೊಡಲಿಲ್ಲ. ಎದ್ದು ನಲ್ಲಿಯ ಬಿಸಿನೀರಿಗೆ ಬಟ್ಟಲನ್ನು ಹಿಡಿದರು. ಅಂಚು ಕರಗಿತು. ಎಂದೂ ರುಚಿ ನೋಡದ ಆ ಅಡುಗೆಯಾಕೆ ಬೆರಳ ತುದಿಯನ್ನು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಕೂಡಲೇ ಉಗುಳಿದರು.

"ಸೋಡಾ," ಎಂದರು. ಮತ್ತೆ ಪಟ್ಟಿ ನೋಡಿದರು. "ಮಗು ಆಸ್ಪತ್ರೆ ಸೇರಿದ್ದು ಯಾವತ್ತು?"

ಅತ್ತೆ ಮೊಮ್ಮಗಳತ್ತ ತಿರುಗಿದರು.

"ಗಿಣಿ, ನೀನು ಹೇಳು. ಸುಳ್ಳು ಹೇಳಿದ್ರೆ ಅಜ್ಜಿ ಮೇಲಾಣೆ."

"ಮಂಗಳವಾರ ಅಜ್ಜಿ."

"ಬಾಯಿ ಸುಡ್ತಿತ್ತಲ್ಲ... ಯಾಕೆ ತಿಂದೆ ಕಂದ?"

"ಬಿಟ್ರೆ ನೀನು ಬೇಜಾರು ಮಾಡ್ಕೋತೀಯ ಅಂತ..."

ಬಟ್ಟಲು ಕೈಯಿಂದ ಜಾರಿ ಸಿಂಕಿಗೆ ಬಿತ್ತು. ಅತ್ತೆ ತಮ್ಮ ಬಲಗೈಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಅದು ಯಾರದೋ ಎಂಬಂತೆ ನೋಡಿಕೊಂಡರು. ಅಲ್ಲಿಯೇ ಕುಸಿದವರನ್ನು ಹಿಡಿದದ್ದು ಸೊಸೆಯೇ.

"ಮೂರು ತಿಂಗಳು ನಿನ್ನ ನಾಯಿಗಿಂತ ಕಡೆಯಾಗಿ ಬೈದೆನಲ್ಲೇ... ಒಂದು ಮಾತು ಹೇಳಬಾರದಿತ್ತಾ?"

"ಇನ್ನೂರು ಜನಕ್ಕೆ ಅನ್ನ ಹಾಕಿದ ಕೈ ಅತ್ತೆ ಅದು," ಎಂದಳು ಸೊಸೆ. "ಅದಕ್ಕೆ ನಾನು ಹೆಂಗೆ ಹೇಳ್ಲಿ..."

ನಾದಿನಿ ಮುಖ ಮುಚ್ಚಿಕೊಂಡು ಡಬ್ಬಿಗಳ ನಡುವೆ ಕೂತಳು. ಆಮೇಲೆ ಒಂದೊಂದೇ ಡಬ್ಬಿಯನ್ನು ಒರೆಸಿ ಮತ್ತೆ ಫ್ರೀಜರಿಗೆ ಜೋಡಿಸತೊಡಗಿದಳು.

ಮರುದಿನ ಭಾನುವಾರ ಅತ್ತೆಯೇ ಅಡುಗೆಮನೆಗೆ ಮೊದಲು ಬಂದರು. ಸ್ಟೂಲಿನ ಮೇಲೆ ಕೂತು ಕುಂಬಳಕಾಯಿ ಹೆಚ್ಚಿದರು. ಒಂದೊಂದು ಹೋಳೂ ಅಳೆದಿಟ್ಟಂತಿತ್ತು. ಕೈ ಮರೆತಿರಲಿಲ್ಲ. "ಉಪ್ಪು ನೀನು ಹಾಕು. ಅಂಗೈ ಗುಳಿಯಲ್ಲಿ ತಗೋ, ಬೆರಳು ಮಡಚಬೇಡ. ಹಾಂ, ಅಷ್ಟು," ಎಂದು ಸೊಸೆಗೆ ಮೂವತ್ತು ವರ್ಷದ ಗುಟ್ಟನ್ನು ಕೊಟ್ಟರು. ಡಬ್ಬಿಗಳ ಪಟ್ಟಿಯನ್ನೆಲ್ಲ ತಾವೇ ಬರೆದರು. ನಾದಿನಿ ಪಾತ್ರೆ ತೊಳೆದಳು, ಗಿಣಿಯ ಬಾಯಿಗೆ ಬಿಡುವೇ ಇರಲಿಲ್ಲ. ಮದುವೆಯಾಗಿ ಹತ್ತು ವರ್ಷದಲ್ಲಿ ಆ ಅಡುಗೆಮನೆಯಲ್ಲಿ ಸೊಸೆ ಅಷ್ಟು ನಕ್ಕದ್ದು ಅದೇ ಮೊದಲು. ಹೊರಡುವಾಗ ನಾದಿನಿ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡಳು, "ಅಮ್ಮ ಇಲ್ಲೇ ಇರಲಿ" ಎಂದಳು.

ಮೂರು ವಾರ ಕಳೆಯಿತು. ಒಂದು ಸಂಜೆ ಎಲ್ಲರೂ ಮೇಜಿಗೆ ಕೂತಿದ್ದರು. ಸೊಸೆ ಆ ಭಾನುವಾರದ ಕೊನೆಯ ಡಬ್ಬಿಯನ್ನು ಬಿಸಿ ಮಾಡಿ ಬಡಿಸಿದಳು. ಅತ್ತೆ ತಟ್ಟೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ಈ ಹೆಣ ಯಾರದು?"

ಮಗ ಚಮಚ ಕೆಳಗಿಟ್ಟ. ಅತ್ತೆಯ ಕಣ್ಣಿನಲ್ಲಿ ಆ ಶನಿವಾರವೂ ಇರಲಿಲ್ಲ, ಭಾನುವಾರವೂ ಇರಲಿಲ್ಲ. ಎಲ್ಲ ಅಳಿಸಿಹೋಗಿತ್ತು.

"ಮಗೂಗೆ ಬೀದಿ ತಿಂಡಿ ತಿನ್ನಿಸಿ ಆಸ್ಪತ್ರೆ ಸೇರಿಸಿದೋಳು ನೀನು. ಈಗ ನಮಗೂ ಐಸು."

ಗಿಣಿ ಕುರ್ಚಿಯಿಂದ ಅರ್ಧ ಎದ್ದಳು. "ಅಜ್ಜಿ, ಅಮ್ಮ ಅಲ್ಲ..."

ಮೇಜಿನ ಕೆಳಗೆ ಸೊಸೆಯ ಒರಟು ಕೈ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಮತ್ತೊಮ್ಮೆ ಆ ಬಟ್ಟಲನ್ನು ಅತ್ತೆಯ ಕೈಗೆ ಕೊಡುವುದೇ? ಮತ್ತೊಮ್ಮೆ ಅವರು ತಮ್ಮ ಬಲಗೈಯನ್ನು ಹಾಗೆ ತಿರುಗಿಸಿ ನೋಡಿಕೊಳ್ಳುವುದೇ? ಒಂದು ಸಲ ನೋಡಿದ್ದೇ ಸಾಕಿತ್ತು.

"ಹೌದು ಅತ್ತೆ," ಎಂದಳು. "ನಂದೇ ತಪ್ಪು. ಇನ್ನು ಮೇಲೆ ತಿನ್ನಿಸಲ್ಲ."

ಅತ್ತೆಗೆ ಸಮಾಧಾನವಾಯಿತು. ತಟ್ಟೆಯನ್ನು ಹತ್ತಿರ ಎಳೆದುಕೊಂಡು ಒಂದು ಚಮಚ ಬಾಯಿಗಿಟ್ಟರು. ಬಹಳ ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಂಡರು.

"ಉಪ್ಪು ಮಾತ್ರ ಹದವಾಗಿದೆ. ಯಾರು ಹೇಳಿಕೊಟ್ರು ನಿಂಗೆ?"

"ಒಬ್ರು ದೊಡ್ಡ ಅಡುಗೆಯವರು ಅತ್ತೆ."

"ಒಳ್ಳೆ ಕೈ ಅವರದು," ಎಂದು ಅತ್ತೆ ಇನ್ನೊಂದು ಚಮಚ ತೆಗೆದುಕೊಂಡರು.