ಕಂದು ಶಾಲಿನ ಚಿತ್ರ

ಕಲಾವಿದರ ಸಂಘದ ಕಾವಲಮ್ಮ ಬೆಳಿಗ್ಗೆ ಎಂಟೂವರೆಗೆ ನನ್ನ ಅತ್ತಿಗೆಯ ದಾರದಂಗಡಿಗೆ ಓಡಿಬಂದಾಗ ಅವರ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅತ್ತಿಗೆ ಗುಂಡಿಗಳ ಡಬ್ಬಿಗಳನ್ನು ಒರೆಸಿ ಜೋಡಿಸುತ್ತಿದ್ದರು. ಪಕ್ಕದ ಮಳಿಗೆಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ನಾನು, ದಿನದ ಮೊದಲ ಚಹಾಕ್ಕೆಂದು ಅಲ್ಲೇ ಕುಳಿತಿದ್ದೆ.

"ಅಕ್ಕಾ, ದೇವರಾಣೆ ನಾನು ಕದ್ದಿಲ್ಲ," ಎಂದರು ಕಾವಲಮ್ಮ.

ಏನು ಕಳುವಾಗಿದೆಯೆಂದು ನಾವಿನ್ನೂ ಕೇಳಿರಲೇ ಇಲ್ಲ.

ಅತ್ತಿಗೆ ಸ್ಟೂಲು ಎಳೆದು ಅವರನ್ನು ಕೂರಿಸಿದರು. ನನ್ನ ಲೋಟವನ್ನು ನನ್ನ ಕೈಯಿಂದಲೇ ತೆಗೆದು ಅವರ ಕೈಗಿಟ್ಟರು. "ಮೊದಲು ಕುಡೀರಿ. ಆಮೇಲೆ ಹೇಳೋರಂತೆ."

ನಮ್ಮ ಬೀದಿಯಲ್ಲಿ ಯಾರಿಗೆ ಏನೇ ಗಂಟು ಬಿದ್ದರೂ ಅತ್ತಿಗೆಯ ಬಳಿಗೇ ಬರುತ್ತಿದ್ದರು. ಕಳೆದುಹೋದ ಬೆಕ್ಕಿನಿಂದ ಹಿಡಿದು ಖೋಟಾ ಉಯಿಲಿನವರೆಗೆ ಅವರು ಬಿಡಿಸಿದ ತಂಟೆಗಳು ಒಂದೆರಡಲ್ಲ. "ಸಿಕ್ಕು ಬಿದ್ದ ದಾರಾನ ಎಳೀಬಾರದು. ತುದಿ ಹುಡುಕಬೇಕು ಅಷ್ಟೆ," ಎನ್ನುತ್ತಿದ್ದರು. ಅಣ್ಣ ಮಾತ್ರ, "ಇವಳಿಗೆ ಸುಳ್ಳು ಹೇಳೋಕಾಗದೆ ನಾನು ಸತ್ಯವಂತ ಆದೆ," ಎಂದು ಗೊಣಗುತ್ತಿದ್ದ.

ಕಾವಲಮ್ಮ ಹೇಳಿದ್ದು ಇಷ್ಟು. ಸಂಘಕ್ಕೆ ಅರವತ್ತು ತುಂಬಿದ್ದರಿಂದ ಅಂದು ಸಂಜೆ ಐದಕ್ಕೆ ಸದಸ್ಯರ ದೊಡ್ಡ ಪ್ರದರ್ಶನ ಆರಂಭವಾಗಬೇಕಿತ್ತು. ಮಧ್ಯದ ಗೋಡೆಯಲ್ಲಿ ದೊಡ್ಡಪ್ಪನವರು ಬರೆದ ಚಿತ್ರ ತೂಗುಹಾಕಿದ್ದರು. ದೊಡ್ಡಪ್ಪ ಎಂದರೆ ಸಂಘವನ್ನು ಕಟ್ಟಿದವರಲ್ಲಿ ಉಳಿದಿದ್ದ ಒಬ್ಬರೇ ಒಬ್ಬರು. ಎಂಬತ್ತನಾಲ್ಕು ವರ್ಷದ ಹಿರಿಯರು; ಸದಸ್ಯರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಕಿಟಕಿಯ ಬಳಿ ಶಾಲು ಹೊದ್ದು ಕುಳಿತ ಅವರ ಹೆಂಡತಿಯ ಚಿತ್ರ ಅದು. ಆಕೆ ತೀರಿಕೊಂಡ ವರ್ಷವೇ ಬರೆದು ಸಂಘಕ್ಕೆ ಕೊಟ್ಟುಬಿಟ್ಟಿದ್ದರು. ಆಮೇಲೆ ಮೂರು ವರ್ಷ ಕುಂಚ ಮುಟ್ಟಿರಲಿಲ್ಲ. ಕಾವಲಮ್ಮ ಬೆಳಿಗ್ಗೆ ಎಂಟಕ್ಕೆ ಬೀಗ ತೆಗೆದಾಗ ಗೋಡೆಯ ಮೇಲೆ ಬರೀ ಕಟ್ಟು ನೇತಾಡುತ್ತಿತ್ತು.

"ಬೀಗ ಒಡೆದಿಲ್ಲ. ಕೀಲಿ ಇರೋದು ಕಾರ್ಯದರ್ಶಿಗಳ ಹತ್ರ ಒಂದು, ನನ್ನ ಹತ್ರ ಒಂದು. ಅವರು ನಿನ್ನೆ ರಾತ್ರಿ ಮಗಳ ಊರಲ್ಲಿದ್ರು, ಈಗ ತಾನೇ ಬಸ್ಸಿಳಿದು ಬಂದ್ರು. ಇನ್ನುಳಿದೋಳು ನಾನೇ ತಾನೆ? ನನ್ನ ಚೀಲ ಸುರಿಸಿ ನೋಡಿದ್ರು ಅಕ್ಕ. ಐದು ಗಂಟೆಯೊಳಗೆ ಚಿತ್ರ ಬರದಿದ್ರೆ ಪೊಲೀಸ್ ಅಂದ್ರು. ಇಪ್ಪತ್ತೆರಡು ವರ್ಷ ಆ ನೆಲ ಒರೆಸಿದೀನಿ."

ಅವರು ಅಳಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡುತ್ತ ಕುಳಿತರು. ಅತ್ತಿಗೆ ಅಂಗಡಿಯ ಬಾಗಿಲು ಎಳೆದರು.

ಸಂಘದ ಗ್ಯಾಲರಿ ಎರಡು ಬೀದಿಯಾಚೆ ಇತ್ತು. ಮಹಡಿ ಮೇಲೆ ಒಂದು ಉದ್ದನೆಯ ಕೋಣೆ, ಎತ್ತರದ ಕಿಟಕಿಗಳು. ಮೆಟ್ಟಿಲ ಬಳಿಯ ಓಣಿಯಂಥ ಕಿರಿದಾದ ಹಾದಿಯಲ್ಲೂ ಚಿತ್ರಗಳನ್ನು ತೂಗುಹಾಕಿದ್ದರು. ಕಾರ್ಯದರ್ಶಿ ಬಾಗಿಲಲ್ಲೇ ಸಿಕ್ಕಿದರು. ಒಳ್ಳೆಯ ಮನುಷ್ಯ, ಆದರೆ ಮಾತು ಶುರು ಮಾಡಿದರೆ ನಿಲ್ಲಿಸುವುದು ಗೊತ್ತಿರಲಿಲ್ಲ.

"ನೋಡೀಮ್ಮ, ಕರಪತ್ರದ ಮೇಲೆ ಅದೇ ಚಿತ್ರ ಅಚ್ಚಾಗಿದೆ! ನಾನೇ ಎರಡು ಪುಟ ಬರೆದಿದೀನಿ. 'ಶೋಕದ ಕಂದು' ಅಂತ. ಆ ಶಾಲಿನ ಕಂದು ಬಣ್ಣದಲ್ಲಿ ಒಬ್ಬ ಗಂಡನ ದುಃಖ ಎಲ್ಲಾ ಹೆಪ್ಪುಗಟ್ಟಿದೆ!"

"ಚೆನ್ನಾಗಿದೆ," ಎಂದು ಅತ್ತಿಗೆ ಕರಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಕಟ್ಟು ತೋರಿಸಿ."

ಕಟ್ಟು ನನ್ನದೇ ಕೆಲಸ. ನಾನು ಅದನ್ನು ಇಳಿಸಿ ಹಿಂಬದಿ ತಿರುಗಿಸಿದೆ. ಚಿತ್ರವನ್ನು ಹಿಡಿದಿಡಲು ನಾನು ಹೊಡೆದಿದ್ದ ಎಂಟು ಸಣ್ಣ ಮೊಳೆಗಳೂ ಇರಲಿಲ್ಲ. ಅವು ಕಿಟಕಿಯ ಕಟ್ಟೆಯ ಮೇಲೆ, ಮಡಿಸಿದ ಕಾಗದದೊಳಗೆ ಸಿಕ್ಕವು. ಒಂದೂ ಕಳೆದಿರಲಿಲ್ಲ.

"ಮೈದುನಾ, ಈ ಕೆಲಸ ನೀನು ಮಾಡಿದ್ರೆ ಹೇಗಿರ್ತಿತ್ತು?" ಎಂದರು ಅತ್ತಿಗೆ.

"ಇಕ್ಕಳದಲ್ಲಿ ಹಿಡಿದು ಒಂದೇ ಸಲ ಎಳೀತಿದ್ದೆ. ಇಲ್ಲಿ ನೋಡಿ, ಪ್ರತಿ ಮೊಳೆ ಸುತ್ತ ಏಳೆಂಟು ಸಲ ಕೆರೆದಿದಾರೆ. ಏನೋ ಚಪ್ಪಟೆ ಅಲಗು ತೂರಿಸಿ ಮೀಟಿರೋದು."

ಅತ್ತಿಗೆ ಕಟ್ಟನ್ನು ಕಿಟಕಿಯ ಬಳಿ ಒಯ್ದರು. ಬಣ್ಣವನ್ನು ಹಗಲ ಬೆಳಕಲ್ಲೇ ನೋಡಬೇಕೆಂಬುದು ಅವರ ಅಂಗಡಿಯ ಶಾಸ್ತ್ರ. ಒಂದು ಗೀರಿನೊಳಗೆ ಒಣಗಿದ ಎಣ್ಣೆಬಣ್ಣದ ಚಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ಮುಟ್ಟಿ ನೋಡಿದರು.

ಅಷ್ಟರಲ್ಲಿ ಕಾರ್ಯದರ್ಶಿ ದನಿ ತಗ್ಗಿಸಿದರು. "ನಮ್ಮ ನೀರುಬಣ್ಣದ ಟೀಚರ್ ನಿನ್ನೆ ಜಗಳ ಆಡಿದ್ರು. ಮಧ್ಯದ ಗೋಡೆ ಅವರಿಗೆ ಅಂತ ಮೊದಲು ಹೇಳಿದ್ವಿ. ಕೊನೇಲಿ ಓಣಿಗೆ ಹಾಕಿದ್ವಿ. 'ದೊಡ್ಡಪ್ಪನ ಚಿತ್ರ ಇಲ್ಲದಿದ್ರೆ ನನಗೂ ಒಂದಿಷ್ಟು ಬೆಳಕು ಸಿಗ್ತಿತ್ತು' ಅಂದ್ರು. ಹತ್ತು ಜನ ಕೇಳಿದಾರೆ."

ಟೀಚರ್ ಓಣಿಯಲ್ಲೇ ನಿಂತಿದ್ದರು. "ಅಂದಿದ್ದು ನಿಜ. ಬಾಯಿ ನನ್ನದು, ತಡೆಯೋಕಾಗಲ್ಲ," ಎಂದರು ಮುಖ ಕೆಂಪಗೆ ಮಾಡಿಕೊಂಡು. "ಹಾಗಂತ ಆ ಮುದುಕರ ಚಿತ್ರಕ್ಕೆ ಕೈ ಹಾಕ್ತೀನಾ? ನನಗೆ ಕುಂಚ ಹಿಡಿಯೋದು ಕಲಿಸಿದ್ದೇ ಅವರು."

ಅತ್ತಿಗೆ ಬಾಗಿಲ ಬೀಗ ನೋಡಿದರು. ಹಿತ್ತಾಳೆಯ ದೊಡ್ಡ ಬೀಗ, ಉಜ್ಜಿ ಉಜ್ಜಿ ಅಕ್ಷರವೆಲ್ಲ ಸವೆದಿತ್ತು.

"ಇದು ಯಾವ ಕಾಲದ್ದು?"

"ಸಂಘ ಶುರುವಾದಾಗಿಂದ ಇದೇ," ಎಂದರು ಕಾರ್ಯದರ್ಶಿ ಹೆಮ್ಮೆಯಿಂದ. "ಬದಲಾಯಿಸೋಣ ಅಂದ್ರೆ ಯಾರೂ ಒಪ್ಪಲ್ಲ."

"ನಿನ್ನೆ ಸಂಜೆ ಕೊನೇಲಿ ಚಿತ್ರ ನೋಡಿದೋರು ಯಾರು?"

ಕಾವಲಮ್ಮ ಉತ್ತರಿಸಿದರು. "ದೊಡ್ಡಪ್ಪನವರೇ. ಕಪ್ಪು ಕನ್ನಡಕ ಹಾಕ್ಕೊಂಡು ಬಂದಿದ್ರು, ಹೋದ ತಿಂಗಳು ಕಣ್ಣಿನ ಪೊರೆ ಆಪರೇಷನ್ ಆಯ್ತಲ್ಲ. ನನ್ನ ಕೈ ಹಿಡೀದೆ ಮೆಟ್ಟಿಲು ಹತ್ತಿದ್ರು, ಎಷ್ಟು ಖುಷಿಯಾಯ್ತು ಗೊತ್ತಾ! ಕನ್ನಡಕ ತೆಗೆದು ಅರ್ಧ ಗಂಟೆ ಅದರ ಮುಂದೆ ನಿಂತಿದ್ರು. ಕಣ್ಣಲ್ಲಿ ನೀರು. ಔಷಧಿ ಹಾಕಿದೀನಿ, ಅದಕ್ಕೆ ಅಂದ್ರು."

"ನನ್ನ ಹತ್ರ ಬಂದು, ಇದನ್ನ ಬೇರೆ ಕಡೆ ಹಾಕಿದ್ರೆ ಆಗಲ್ವಾ ಅಂದ್ರು," ಎಂದರು ಕಾರ್ಯದರ್ಶಿ. "ಅವರದ್ದು ಯಾವಾಗಲೂ ಅದೇ ವಿನಯ. ಸಾಧ್ಯವೇ ಇಲ್ಲ, ಅಚ್ಚಾಗಿಬಿಟ್ಟಿದೆ ಅಂದೆ."

"ಅವರ ಹೆಂಡತಿ, ದೊಡ್ಡಮ್ಮನ್ನ ನೀವು ನೋಡಿದೀರಾ?" ಅತ್ತಿಗೆ ಕಾವಲಮ್ಮನನ್ನು ಕೇಳಿದರು.

"ನೋಡದೇ ಏನು! ಪ್ರತಿ ಪ್ರದರ್ಶನಕ್ಕೂ ಬಂದು ನನ್ನ ಪಕ್ಕಾನೇ ಕೂರೋರು. ತಾವೇ ಹೆಣೆದ ಶಾಲು, ಮಳೆ ನಿಂತ ಮೇಲೆ ಆಕಾಶ ಇರುತ್ತಲ್ಲ, ಆ ಬಣ್ಣ. ಚಳಿ ಆದ್ರೆ ಅರ್ಧ ನನಗೂ ಹೊದಿಸೋರು."

ಅತ್ತಿಗೆ ತಲೆಯಾಡಿಸಿದರು. ಚೀಲದಿಂದ ಚೀಟಿ ತೆಗೆದು ಎರಡು ಸಾಲು ಗೀಚಿ, ಮಡಚಿ ನನ್ನ ಕೈಗಿಟ್ಟರು. "ಇದನ್ನ ದೊಡ್ಡಪ್ಪನವರ ಮನೆಗೆ ತಲುಪಿಸು. ಓದಬೇಡ, ಉತ್ತರಕ್ಕೆ ಕಾಯಬೇಡ. ಕಾರ್ಯದರ್ಶಿಗಳೇ, ನಾಲ್ಕು ಗಂಟೆಗೆ ಎಲ್ಲರೂ ಇಲ್ಲಿರಲಿ."

ನಾನು ಓದಲಿಲ್ಲ. ದೊಡ್ಡಪ್ಪನವರು ಬಾಗಿಲನ್ನು ಗೇಣಗಲ ತೆರೆದು ಚೀಟಿ ತೆಗೆದುಕೊಂಡರು. ಒಳಗಿನಿಂದ ಟರ್ಪೆಂಟೈನ್ ವಾಸನೆ ಘಮ್ಮೆಂದು ಬಂತು.

ನಾಲ್ಕಕ್ಕೆ ಇಪ್ಪತ್ತು ಜನ ಸೇರಿದ್ದರು. ಕಾವಲಮ್ಮ ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ನಿಂತಿದ್ದರು. ಅತ್ತಿಗೆ ಖಾಲಿ ಕಟ್ಟಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಅಂಗಡಿಯಲ್ಲಿ ಗಿರಾಕಿಯೊಡನೆ ಮಾತಾಡುವಷ್ಟೇ ಮೆಲ್ಲಗೆ ಶುರು ಮಾಡಿದರು.

"ಈ ಕಳ್ಳರು ಮೊಳೆಗಳನ್ನ ಎಣಿಸಿ ಕಾಗದದಲ್ಲಿ ಮಡಚಿಟ್ಟಿದಾರೆ. ಕಟ್ಟನ್ನ ಮತ್ತೆ ಗೋಡೆಗೆ ನೆಟ್ಟಗೆ ತೂಗುಹಾಕಿದಾರೆ. ಯಾಕೆ? ಚಿತ್ರ ಇದೇ ಕಟ್ಟಿಗೆ ವಾಪಸ್ ಬರಬೇಕು ಅನ್ನೋ ಲೆಕ್ಕ ಇತ್ತು. ಅಂದ್ರೆ ಇದು ಕಳ್ಳತನ ಅಲ್ಲ, ಕಡ ತಗೊಂಡಿದ್ದು.

"ಮೊಳೆ ಕಿತ್ತಿದ್ದು ಬಣ್ಣ ಕಲಸೋ ಅಲಗಿನಿಂದ. ಗೀರಿನೊಳಗೆ ಎಣ್ಣೆಬಣ್ಣದ ಹಳೇ ಚಕ್ಕೆ ಇದೆ. ಟೀಚರ್ ನೀರುಬಣ್ಣದೋರು, ಅವರ ಹತ್ರ ಆ ಅಲಗೇ ಇಲ್ಲ. ಕಾವಲಮ್ಮನ ಹತ್ರ ಕೆಳಗಿನ ಕೋಣೇಲಿ ಸುತ್ತಿಗೆ, ಇಕ್ಕಳ ಎಲ್ಲಾ ಇವೆ. ಇಕ್ಕಳ ಇರೋರು ಅಲಗಲ್ಲಿ ಯಾಕೆ ಕೆರೀತಾರೆ? ಒಂದೊಂದು ಮೊಳೆಗೆ ಏಳೆಂಟು ಗೀರು. ಕೈ ನಡುಗ್ತಿತ್ತು. ಆದ್ರೂ ಬಿಡಲಿಲ್ಲ."

"ಕೀಲಿ?" ಎಂದರು ಕಾರ್ಯದರ್ಶಿ.

"ಇಂಥ ಬೀಗಕ್ಕೆ ಅಂಗಡೀಲಿ ಮೂರು ಕೀಲಿ ಕೊಡ್ತಾರೆ. ನಿಮ್ಮ ಹತ್ರ ಇರೋದು ಎರಡು. ಮೂರನೇದು ಅರವತ್ತು ವರ್ಷದಿಂದ ಯಾರದೋ ಮನೆ ಮೊಳೆಗೆ ನೇತಾಡ್ತಿದೆ. ಬೀಗ ಕೊಂಡ ದಿನ ಸಂಘದಲ್ಲಿ ಇದ್ದೋರು ಎಷ್ಟು ಜನ ಉಳಿದಿದಾರೆ, ನೀವೇ ಎಣಿಸಿ."

ಎಣಿಸಲು ಒಂದೇ ಬೆರಳು ಸಾಕಾಗಿತ್ತು.

"ಇನ್ನು ಯಾಕೆ ಅನ್ನೋದು. ನನ್ನ ಅಂಗಡೀಗೆ ವಯಸ್ಸಾದೋರು ಕಡು ನೀಲಿ ದಾರ ಬೇಕು ಅಂತ ಬರ್ತಾರೆ. ಕಂದು ಉಂಡೆ ಎತ್ತಿಕೊಂಡು, ಇದೇ ಇದೇ ಅಂತಾರೆ. ನಾನು ಅಲ್ಲ ಅಂದ್ರೆ ನನ್ನ ಮೇಲೇ ರೇಗ್ತಾರೆ. ಪೊರೆ ಬಂದ ಕಣ್ಣಿಗೆ ಮೊದಲು ಸಾಯೋದು ನೀಲಿ. ಕಾವಲಮ್ಮ ಹೇಳ್ತಾರೆ, ದೊಡ್ಡಮ್ಮನ ಶಾಲು ಆಕಾಶದ ಬಣ್ಣ ಅಂತ. ಕರಪತ್ರ ಹೇಳುತ್ತೆ, ಕಂದು ಅಂತ." ಅವರು ಕಾರ್ಯದರ್ಶಿಯ ಕಡೆ ತಿರುಗಿದರು. ದನಿಯಲ್ಲಿ ಚುಚ್ಚು ಇರಲಿಲ್ಲ. "ಅದು ಶೋಕದ ಬಣ್ಣ ಅಲ್ಲ ಸ್ವಾಮಿ. ಟ್ಯೂಬು ಅದಲು ಬದಲಾಗಿತ್ತು. ಅವರಿಗೆ ಕಾಣಿಸಿರಲಿಲ್ಲ. ಇಷ್ಟು ಜನರಲ್ಲಿ ಒಬ್ಬರೂ ಅವರಿಗೆ ಹೇಳಲಿಲ್ಲ."

"ಬೇಕಂತಲೇ ಹಾಗೆ ಬರೆದಿದಾರೆ ಅಂದ್ಕೊಂಡ್ವಿ," ಎಂದರು ಟೀಚರ್ ಸಣ್ಣ ದನಿಯಲ್ಲಿ. "ಅಷ್ಟು ದೊಡ್ಡವರಿಗೆ ಯಾರು ಹೇಳ್ತಾರೆ?"

"ಈಗೇನು ಮಾಡೋದು? ಅವರ ಮನೆಗೆ ಹೋಗೋಣವಾ?" ಎಂದರು ಕಾರ್ಯದರ್ಶಿ.

"ಬೇಡ. ಅವರೇ ಬರ್ತಾರೆ," ಎಂದರು ಅತ್ತಿಗೆ.

ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸಿತು. ಕಾರ್ಯದರ್ಶಿ ಎರಡು ಸಲ ಕಿಟಕಿಗೆ ಹೋಗಿ ಬೀದಿ ನೋಡಿ ಬಂದರು. ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಬರುತ್ತಿತ್ತು.

ದೊಡ್ಡಪ್ಪನವರು ಚಿತ್ರವನ್ನು ಎದೆಗೆ ತಾಗದಂತೆ ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದಿದ್ದರು. ಬೆರಳುಗಳೆಲ್ಲ ನೀಲಿ. ಹೆಗಲ ಮೇಲೆ ನೀಲಿಯದೇ ಒಂದು ಹಳೆಯ ಶಾಲು. ಚಿತ್ರದಲ್ಲಿನ ಶಾಲು ಅರ್ಧ ನೀಲಿಯಾಗಿತ್ತು, ಇನ್ನರ್ಧ ಕಂದಾಗಿಯೇ ಇತ್ತು. ಅವರು ಯಾರ ಮುಖವನ್ನೂ ನೋಡದೆ ನೇರವಾಗಿ ಹಿಂದಿನ ಗೋಡೆಯ ಕಡೆ ನಡೆದರು.

"ನಿನ್ನ ಮೇಲೆ ಬರುತ್ತೆ ಅಂತ ನಾನು ಯೋಚನೆನೇ ಮಾಡಲಿಲ್ಲ ತಾಯಿ," ಎಂದರು ಕಾವಲಮ್ಮನಿಗೆ. "ಬೆಳಿಗ್ಗೆ ವಾಕಿಂಗ್ ಬಂದವನು ತಗೊಂಡು ಹೋದೆ. ಐದರೊಳಗೆ ಮುಗಿಸಿ ತಂದಿಟ್ರೆ ಯಾರಿಗೂ ತೊಂದರೆ ಆಗಲ್ಲ ಅಂದ್ಕೊಂಡೆ. ಈ ಕೈ ಮೊದಲಿನ ಹಾಗೆ ಓಡಲ್ಲ. ಚೀಟೀಲಿ ನಿನ್ನ ಹೆಸರು ನೋಡಿದ ಮೇಲೆ ಒಂದು ಗೆರೆ ಕೂಡ ಎಳೆಯೋಕಾಗಲಿಲ್ಲ. ತಪ್ಪಾಯ್ತು. ಇಪ್ಪತ್ತು ಸಲ ನಮ್ಮನೆ ಬಾಗಿಲವರೆಗೂ ಬಂದು ವಾಪಸ್ ಹೋದೆ, ಅದೂ ತಪ್ಪೇ."

"ನಮ್ಮನ್ನ ಕೇಳಿದ್ರೆ ಕೊಡ್ತಿರಲಿಲ್ವಾ?" ಎಂದರು ಕಾರ್ಯದರ್ಶಿ.

"ನಾಚಿಕೆ ಆಯ್ತಪ್ಪ. ನೀವೆಲ್ಲ ಕಂದು ಕಂದು ಅಂತ ಹೊಗಳ್ತಿದ್ರಿ, ಚಿತ್ರದಲ್ಲಿನ ಗೋಡೆ ಬಣ್ಣದ ಮಾತು ಅಂದ್ಕೊಂಡು ನಾನೂ ತಲೆ ಆಡಿಸ್ತಿದ್ದೆ. ನಿನ್ನೆ ಹೊಸ ಕಣ್ಣಲ್ಲಿ ನೋಡಿದ್ರೆ ಯಾರೋ ಬೇರೆ ಹೆಂಗಸು ಕೂತಿದಾಳೆ. ನಲವತ್ತೆಂಟು ವರ್ಷ ಸಂಸಾರ ಮಾಡಿದೋಳು... ಅವಳನ್ನ ಊರಿಗೆಲ್ಲ ಹಾಗೆ ತೋರಿಸೋದು ಹೇಗೆ?"

ಕಾರ್ಯದರ್ಶಿ ಕಾವಲಮ್ಮನ ಮುಂದೆ ಹೋಗಿ ನಿಂತರು. ಎರಡು ಪುಟ ಬರೆಯಬಲ್ಲ ಮನುಷ್ಯನಿಗೆ ಅಂದು ಎರಡು ಮಾತು ಸಿಗಲಿಲ್ಲ. "ನಿಮ್ಮ ಚೀಲ ಸುರಿಸಬಾರದಿತ್ತು," ಎಂದಷ್ಟೇ ಹೇಳಿ ಕೈ ಮುಗಿದರು.

"ಸುರಿಸಬಾರದಿತ್ತು," ಎಂದು ಕಾವಲಮ್ಮನೂ ಒಪ್ಪಿದರು. ಸುಲಭವಾಗಿ ಬಿಟ್ಟುಕೊಡಲಿಲ್ಲ. ಹಾಗೇ ಚಿತ್ರದ ಹತ್ತಿರ ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ದೊಡ್ಡಪ್ಪಾ, ಈ ನೀಲಿ ಸ್ವಲ್ಪ ಜಾಸ್ತಿ ಆಯ್ತು."

ಟೀಚರ್ ಬೆಚ್ಚಿಬಿದ್ದರು. ದೊಡ್ಡಪ್ಪನವರು ಮಾತ್ರ ತಲೆಯೆತ್ತಿ, "ಎಲ್ಲಿ?" ಎಂದರು.

"ಇಲ್ಲಿ, ಹೆಗಲ ಹತ್ರ. ಅಮ್ಮ ಯಾವಾಗಲೂ ಬಿಸಿಲಿಗೆ ಈ ಕಡೆ ತಿರುಗಿ ಕೂರೋರು. ಇಲ್ಲಿ ಬಣ್ಣ ಸವೆದು ಬೆಳ್ಳಗಾಗಿತ್ತು. ಕೊಡಿ ಶಾಲು, ತೋರಿಸ್ತೀನಿ."

ಶಾಲನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಹೆಗಲ ಭಾಗ ನಿಜಕ್ಕೂ ಮಾಸಿತ್ತು. ದೊಡ್ಡಪ್ಪನವರು ಅದನ್ನು ಬೆರಳಿನಿಂದ ಸವರಿದರು. ಆಮೇಲೆ ನಕ್ಕರು. ಮೂರು ವರ್ಷದಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಟೀಚರ್ ಓಡಿಹೋಗಿ ಯಾರದೋ ಎಣ್ಣೆಬಣ್ಣದ ಬಿಳಿ ಟ್ಯೂಬು ಹುಡುಕಿ ತಂದರು. ಎಣ್ಣೆಬಣ್ಣದ ಸದಸ್ಯರೊಬ್ಬರು ತಮ್ಮ ಕುಂಚಗಳ ಕಟ್ಟನ್ನೇ ಮುಂದಿಟ್ಟರು. ನಾನು ಕೆಳಗಿನಿಂದ ಚಿತ್ರ ಇಟ್ಟು ಬರೆಯುವ ಮರದ ನಿಲುಗಾಲು ಹೊತ್ತು ತಂದು ಮಧ್ಯದ ಗೋಡೆಯ ಮುಂದೆ ಇಟ್ಟೆ. ಐದಾಗಲು ಹತ್ತು ನಿಮಿಷವಿತ್ತು. "ಬಾಗಿಲು ತೆಗೆಯೋದು ಸ್ವಲ್ಪ ತಡ ಮಾಡಲಾ?" ಎಂದು ಕಾರ್ಯದರ್ಶಿ ಅತ್ತಿಗೆಯನ್ನು ಕೇಳಿದರು.

"ಯಾಕೆ? ಅವರು ಯಾವ ತಪ್ಪು ಮಾಡ್ತಿದಾರೆ ಅಂತ ಬಾಗಿಲು ಹಾಕ್ತೀರಿ?" ಎಂದರು ಅತ್ತಿಗೆ.

ಐದಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ಒಳಬಂದ ಜನ ಮೊದಲು ಗುಸುಗುಸು ಎಂದರು, ಆಮೇಲೆ ತಾವಾಗಿಯೇ ಸುಮ್ಮನಾದರು. ಎಂಬತ್ತನಾಲ್ಕರ ಮುದುಕರೊಬ್ಬರು ಕುರ್ಚಿಯ ತುದಿಯಲ್ಲಿ ಕುಳಿತು, ಬಲಗೈಯನ್ನು ಎಡಗೈಯಿಂದ ಆನಿಸಿಕೊಂಡು ಬಣ್ಣ ಹಚ್ಚುತ್ತಿದ್ದರು. ಕಿಟಕಿಯ ಬಳಿ ಕಾವಲಮ್ಮ ಶಾಲನ್ನು ಹೊದ್ದು, ಒಂದು ಬದಿಗೆ ತಿರುಗಿ, ಅಲುಗಾಡದೆ ಕುಳಿತಿದ್ದರು.

ಕರಪತ್ರ ಹಿಡಿದ ಒಬ್ಬ ಹೆಂಗಸು ಅದನ್ನೂ ಚಿತ್ರವನ್ನೂ ತಾಳೆ ನೋಡಿ, ಕಾರ್ಯದರ್ಶಿಯ ಬಳಿ ಬಂದರು. "ಇದು ಬೇರೆ ತರ ಇದೆಯಲ್ಲ? ಇನ್ನೂ ಮುಗಿದೂ ಇಲ್ಲ."

ಕಾರ್ಯದರ್ಶಿ ಚಿತ್ರದ ಕಡೆ ತಿರುಗಿದರು. "ನಿಧಾನವಾಗಿ ನೋಡೀಮ್ಮ," ಎಂದರು. "ಇನ್ನೂ ಬರೀತಾ ಇದಾರೆ."