ಕೀಲಿ ತೆಗೆದ ಮೇಲೂ ಗುಂಯ್

"ನಾ ಹಾಡ ಕೇಳಿಲ್ರಿ, ಸಾವಕಾರ್ರ."

"ಮತ್ತ ನಿಮ್ಮಪ್ಪ ಬಂದು ಕೇಳಿ ಹೋದನೇನು? ಬ್ಯಾಟರಿ ತಾನ ಎದ್ದು ಖಾಲಿ ಆಗ್ತದೇನು?"

"ನಮ್ಮಪ್ಪನ ಹೆಸರ ಯಾಕ ತಗೀತೀರಿ?"

"ತಗೀತೀನಿ! ಮೂರನೇ ಸಲ ಇದು ಮಲ್ಲಯ್ಯಾ, ಮೂರನೇ ಸಲ!"

ಪೂನಮ ಚಹಾದ ಕಪ್ಪು-ಬಸಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ಚಹಾ ಮಲ್ಲಯ್ಯ ಕಾಕಾನಿಗೆ. ಮುಂದೆ ಹೋಗಿ ಕೊಡೋಣವೆಂದರೆ ಅಪ್ಪನ ಕೈ ಯಾವ ಕಡೆಯಿಂದ ಬರುತ್ತದೋ ಹೇಳುವಂತಿರಲಿಲ್ಲ. ಸಿಟ್ಟು ಬಂದರೆ ಅಪ್ಪ ಬಾಯಿಯಷ್ಟೇ ಕೈಯಿಂದಲೂ ಮಾತಾಡುತ್ತಾನೆ. ಹೊಡೆಯುವುದಿಲ್ಲ, ಗಾಳಿಯಲ್ಲಿ ಬೀಸುತ್ತಾನೆ. ಕಳೆದ ಸಲ ಹೀಗೆಯೇ ಎರಡು ಕಪ್ಪು ಒಡೆದಿದ್ದವು.

ಅಪ್ಪನ ಹೆಸರು ಸೋಮೇಶ. ಸೊಲ್ಲಾಪುರದಲ್ಲಿ ಚಾದರ, ಟಾವೆಲ್ ಮಾರುವ ಅಂಗಡಿ ಅವನದು. ರವಿವಾರ ಅಂಗಡಿಗೆ ಸೂಟಿ. ಅಪ್ಪನಿಗೆ ಸೂಟಿ ಇಲ್ಲ. ಸಣ್ಣ ಟ್ರಕ್ಕಿನ ತುಂಬ ಮಾಲು ಹೇರಿಕೊಂಡು ಅಕ್ಕಲಕೋಟ ಕಡೆಯ ಹಳ್ಳಿಗಳಿಗೆ ಹೊರಡುತ್ತಾನೆ. ಟ್ರಕ್ಕು ಓಡಿಸುವವನು ಮಲ್ಲಯ್ಯ. ಪೂನಮ ಬಾಲವಾಡಿಗೆ ಹೋಗುತ್ತಿದ್ದಾಗಿನಿಂದ ಅವನೇ.

ವಾರವೆಲ್ಲ ಟ್ರಕ್ಕು ಅಂಗಡಿಯ ಕೆಲಸಕ್ಕೆ ಓಡುತ್ತದೆ. ರವಿವಾರದ ಮಾಲು ಶುಕ್ರವಾರವೇ ಹೇರಿಬಿಡುತ್ತಾರೆ. ಎರಡು ರಾತ್ರಿ ಮಲ್ಲಯ್ಯ ಟ್ರಕ್ಕಿನಲ್ಲೇ ಮಲಗಿ ಕಾಯುತ್ತಾನೆ. ಟ್ರಕ್ಕಿನ ಕೀಲಿ ಮಾತ್ರ ಅಪ್ಪನ ಕಿಸೆಯಲ್ಲಿ. ಅಂಗಡಿಯ ಕೀಲಿ, ಕಪಾಟಿನ ಕೀಲಿ, ಟ್ರಕ್ಕಿನ ಕೀಲಿ, ಎಲ್ಲಾ ಒಂದೇ ಗೊಂಚಲು. ಅಪ್ಪ ಆ ಗೊಂಚಲನ್ನು ಯಾರ ಕೈಗೂ ಕೊಡುವವನಲ್ಲ. ಗಾಡಿ ನಿಂತ ಕೂಡಲೇ ಕೈ ಚಾಚುತ್ತಾನೆ, ಮಲ್ಲಯ್ಯ ಕೊಡುತ್ತಾನೆ.

ದೀಪಾವಳಿ ಆದಮೇಲೆ ಟ್ರಕ್ಕಿನ ತಲೆಯ ಮೇಲೆ ಒಂದು ಭೋಂಗಾ ಬಂತು, ಜಾತ್ರೆಯಲ್ಲಿ ಕೂಗುವ ಮೈಕಿನಂಥದ್ದು. ಸೀಟಿನ ಹಿಂದೆ ಅದರ ಮಶೀನು. ಪೆನ್‌ಡ್ರೈವ್ ಸಿಗಿಸಿದರೆ ಪೂನಮಳ ದನಿ ಊರಿಗೆಲ್ಲ ಕೇಳುತ್ತಿತ್ತು: "ಬರ್ರಿ ಅಕ್ಕಾ, ಬರ್ರಿ ಅಣ್ಣಾ! ಸೊಲ್ಲಾಪುರ ಚಾದರ! ಮೆತ್ತನ್ನ ಟಾವೆಲ್!" ಆಮೇಲೆ ಅದನ್ನೇ ಮರಾಠಿಯಲ್ಲಿ. ಅಡಿಗೆಮನೆಯಲ್ಲಿ ರೆಕಾರ್ಡ್ ಮಾಡಿದ್ದರಿಂದ ಎರಡರ ನಡುವೆ ಒಮ್ಮೆ ಕುಕ್ಕರ್ ಸೀಟಿ ಹೊಡೆಯುತ್ತದೆ. ಅಪ್ಪ ಅದನ್ನು ತೆಗೆಸಲಿಲ್ಲ. ಸೀಟಿಗೆ ಜನ ತಿರುಗಿ ನೋಡುತ್ತಾರಂತೆ.

ಆದರೆ ಭೋಂಗಾ ಬಂದಂದಿನಿಂದಲೇ ಬ್ಯಾಟರಿಗೆ ರೋಗ ಹತ್ತಿತು. ಎರಡು ರಾತ್ರಿ ನಿಂತರೆ ಮೂರನೇ ಮುಂಜಾನೆ ಟ್ರಕ್ಕು 'ಟಿಕ್' ಅನ್ನುತ್ತಿತ್ತು. ಅಷ್ಟೇ. ಮುಂದೆ ಏನೂ ಅನ್ನುತ್ತಿರಲಿಲ್ಲ.

"ಕೀಲಿ ನಿಮ್ಮ ಕಿಸೆದಾಗ ಇರ್ತದಲ್ರಿ," ಎಂದ ಮಲ್ಲಯ್ಯ.

"ಭೋಂಗಾ ಕೀಲಿ ಇಲ್ದ ನಡೀತದ. ನಿನಗ ಗೊತ್ತದ."

"ನಾ ಹಚ್ಚಿಲ್ರಿ. ಅದ ತಾನ ಗುಂಯ್ ಅಂತದ. ರಾತ್ರಿ ಮಗ್ಗ ನಿಂತ ಮ್ಯಾಲ ಕೇಳಸ್ತದ. ನನಗ ನಿದ್ದಿ ಹತ್ತಂಗಿಲ್ಲ."

"ಹಂಗಾರ ಟ್ರಕ್ಕಿಗಿ ದೆವ್ವ ಬಡದದ ಅನ್ನು! ಅದ ಹಾಡತದ, ನೀ ತಾಳ ಹಾಕ್ತಿ!" ಅಪ್ಪನ ಕೈ ಬೀಸಿತು. "ರಾತ್ರಿ ಕದ್ದು ಹಾಡ ಕೇಳ್ತಿ, ಮುಂಜಾನಿ ಸುಳ್ಳ ಹೇಳ್ತಿ. ಕಳ್ಳ ಅನ್ನಬೇಕೋ ಬ್ಯಾಡೋ ನಿನಗ?"

ಓಣಿಯಲ್ಲಿ ನಾಲ್ಕೂ ಕಡೆ ಮಗ್ಗಗಳು ಖಟಕಾ ಖಟಕಾ ನಡೆದಿದ್ದವು. ಆದರೂ 'ಕಳ್ಳ' ಅನ್ನುವ ಮಾತು ಓಣಿಯ ಕೊನೆಯ ಮನೆಯ ತನಕ ಹೋಯಿತು. ಅದಕ್ಕೆ ಭೋಂಗಾ ಬೇಕಾಗಲಿಲ್ಲ. ಎದುರುಮನೆಯ ರೇವಣ್ಣ ಹಲ್ಲುಜ್ಜುವುದನ್ನು ನಿಲ್ಲಿಸಿ, ಬ್ರಶ್ಶು ಬಾಯಲ್ಲಿಟ್ಟುಕೊಂಡೇ ನೋಡಿದ.

ಮಲ್ಲಯ್ಯ ಹೋಗಿ ಟ್ರಕ್ಕಿನ ಮೆಟ್ಟಿಲ ಮೇಲೆ ಕುಳಿತ.

ಪೂನಮ ಚಹಾ ಕೊಟ್ಟಳು. "ಆರಿ ಹೋಗ್ಯದ, ಕಾಕಾ."

"ಇರಲಿ ಯವ್ವಾ," ಎಂದು ತಗೊಂಡ. ಕುಡಿಯಲಿಲ್ಲ.

ರೇವಣ್ಣ ಬಾಯಿ ಮುಕ್ಕಳಿಸಿ ತನ್ನ ಟೆಂಪೋ ತಂದ. ಅದರ ಬ್ಯಾಟರಿಯಿಂದ ಇದರ ಬ್ಯಾಟರಿಗೆ ವೈರು ಹಚ್ಚಿದರು. ಟ್ರಕ್ಕು ಕೆಮ್ಮಿ ಎದ್ದಿತು. ಸ್ವಲ್ಪ ಹೊತ್ತು ಗುರ್‌ಗುಡಲು ಬಿಟ್ಟು, ಡೀಸೆಲ್ ಸುಮ್ಮನೆ ಉರಿಯುತ್ತದೆಂದು ಅಪ್ಪನೇ ಬಂದು ಬಂದ್ ಮಾಡಿ, ಕೀಲಿ ಕಿಸೆಗೆ ಹಾಕಿಕೊಂಡು ಸ್ನಾನಕ್ಕೆ ಹೋದ. ರೇವಣ್ಣನೂ ಹೋದ.

ಪೂನಮ ಟ್ರಕ್ಕು ಹತ್ತಿ ತನ್ನ ಜಾಗದಲ್ಲಿ ಕುಳಿತಳು. ಅವಳ ಜಾಗ ನಡುವಿನದು. ಕಿಡಕಿಯ ಕಡೆ ಅಪ್ಪ. ಅವಳಿಗೂ ಕಿಡಕಿಯೇ ಬೇಕು, ಆದರೆ ಸಿಗುವುದಿಲ್ಲ. ನಡುವೆ ಕುಳಿತರೆ ಗೇರಿನ ಕೋಲು ಮೊಣಕಾಲಿಗೆ ಬಡಿಯುತ್ತದೆ. ಅದಕ್ಕೇ ಮಲ್ಲಯ್ಯ ಪ್ರತಿಸಲ, "ಮೊಣಕಾಲ ಸರಿಸವ್ವಾ, ಎರಡನೇ ಗೇರ್," ಅನ್ನುತ್ತಾನೆ. ಒಮ್ಮೆಯೂ ಬಡಿದಿಲ್ಲ.

"ಕಾಕಾ, ನೀ ಖರೇನ ಹಾಡ ಕೇಳಿಲ್ಲಾ?"

ಮಲ್ಲಯ್ಯ ತಿರುಗಿ ಅವಳನ್ನು ನೋಡಿದ. "ನೀನೂ ಕೇಳ್ತಿ ಏನವ್ವಾ?"

ಪೂನಮಳ ಮುಖ ಬಿಸಿಯಾಯಿತು. ಅಷ್ಟರಲ್ಲಿ ಓಣಿಯ ಲೈಟು ಹೋಯಿತು.

ಲೈಟು ಹೋದರೆ ಆ ಓಣಿಯಲ್ಲಿ ಮೊದಲು ಕತ್ತಲಾಗುವುದಿಲ್ಲ, ಮೊದಲು ಸದ್ದು ಹೋಗುತ್ತದೆ. ಎಲ್ಲ ಮಗ್ಗಗಳೂ ಒಮ್ಮೆಲೇ ನಿಂತವು. ಯಾರದೋ ಮನೆಯಲ್ಲಿ ಚಮಚ ಬಿದ್ದದ್ದೂ ಕೇಳಿಸಿತು.

ಆಮೇಲೆ ಇನ್ನೊಂದು ಕೇಳಿಸಿತು. ಗುಂಯ್‌ಯ್‌ಯ್.

ಸಣ್ಣಗೆ, ಡಬ್ಬಿಯೊಳಗೆ ನೊಣ ಸಿಕ್ಕಿದ ಹಾಗೆ. ಪೂನಮ ಸೀಟಿನ ಹಿಂದಿನ ಮಶೀನಿಗೆ ಕಿವಿ ಹಚ್ಚಿದಳು. ಬೆಚ್ಚಗಿತ್ತು. ಕಿಡಕಿಯಿಂದ ತಲೆ ಹೊರಹಾಕಿ ಭೋಂಗಾದ ಕಡೆ ಕಿವಿ ಕೊಟ್ಟಳು. ಗುಂಯ್, ನಡುವೆ ಒಮ್ಮೆ 'ಟಪ್', ಮತ್ತೆ ಗುಂಯ್. ಓಣಿಯಲ್ಲಿ ಕರೆಂಟ್ ಇಲ್ಲ. ಟ್ರಕ್ಕಿನ ಕೀಲಿ ಇಲ್ಲ. ಮತ್ತೆ ಇದು ಏನು ತಿಂದು ಗುಂಯ್ ಅನ್ನುತ್ತಿದೆ?

ಅವಳು ಜಿಗಿದು ಒಳಗೆ ಓಡಿದಳು. "ಅಪ್ಪಾ! ಲಗೂನ ಬಾ! ಲೈಟ್ ಬರೂದ್ರಾಗ ಬಾ!"

ಅಪ್ಪ ತಲೆ ಒರೆಸುತ್ತ, ಬೈಯುತ್ತ ಬಂದ. ಹಿಂದೆ ಅವನ ಅವ್ವ ಉಮಾಬಾಯಿ, ಪೂನಮಳ ಆಯಿ, ಬಾಗಿಲ ತನಕ ಬಂದಳು.

"ಕೇಳು," ಎಂದಳು ಪೂನಮ.

ಅಪ್ಪ ಕೇಳಿದ. ಮಶೀನಿನ ಆವಾಜಿನ ಗುಂಡಿ ತಿರುವಿದ. ಅದು ಸೊನ್ನೆಯಲ್ಲೇ ಇತ್ತು. ಪ್ರತಿ ರವಿವಾರ ಸಂಜೆ ಅದನ್ನು ಸೊನ್ನೆಗೆ ತಿರುವುವವನು ಅವನೇ. ಆವಾಜು ಇಲ್ಲವೆಂದರೆ ಮಶೀನು ಬಂದಾಯಿತು ಅಂದುಕೊಂಡಿದ್ದ. ಕೈ ಹಾಕಿ ಹಿಂದಿನ ವೈರು ಕಿತ್ತ. ಭೋಂಗಾ 'ಠಪ್' ಅಂದು ಸುಮ್ಮನಾಯಿತು.

ಈಗ ಓಣಿಯಲ್ಲಿ ನಿಜವಾಗಿ ಏನೂ ಕೇಳಿಸುತ್ತಿರಲಿಲ್ಲ.

"ಹಗಲೂ ರಾತ್ರಿ ಚಾಲೂ ಇತ್ತು, ಅಪ್ಪಾ. ಅದ ಬ್ಯಾಟರಿ ತಿಂದದ. ಕಾಕಾ ಅಲ್ಲ."

ಅಪ್ಪ ವೈರನ್ನು ನೋಡಿದ. "ಆ ವೈರಿಂಗ್ ಮಾಡಿದವಗ ಬುದ್ಧಿ ಇಲ್ಲ. ಬ್ಯಾಟರಿಗಿ ಡೈರೆಕ್ಟ್ ಕೊಟ್ಟಾನ."

"ಡೈರೆಕ್ಟ್ ಕೊಡು ಅಂದವ ಯಾರು?" ಆಯಿ ಬಾಗಿಲಿನಿಂದಲೇ ಕೇಳಿದಳು.

ಅಪ್ಪ ಕಿತ್ತ ವೈರನ್ನು ಸುತ್ತತೊಡಗಿದ. ಎಲ್ಲರಿಗೂ ಗೊತ್ತಿತ್ತು. ಹಳ್ಳಿಯಲ್ಲಿ ಟ್ರಕ್ಕು ನಿಲ್ಲಿಸಿ ಅಪ್ಪ ಚಹಾ ಕುಡಿಯಲು ಹೋಗುವಾಗ ಕೀಲಿ ಕಿಸೆಯಲ್ಲಿ ಹೋಗುತ್ತದೆ. ಕೀಲಿ ಹೋದರೆ ಭೋಂಗಾ ನಿಲ್ಲುತ್ತದೆ. ಕೀಲಿಯನ್ನು ಮಲ್ಲಯ್ಯನ ಕೈಯಲ್ಲಿ ಬಿಟ್ಟು ಹೋಗುವ ಬದಲು ಅಪ್ಪ ವೈರನ್ನೇ ಬ್ಯಾಟರಿಗೆ ನೇರ ಹಚ್ಚಿಸಿದ್ದ.

"ಮಲ್ಲಯ್ಯಗ ಏನೋ ಅಂದಿದ್ದಿಯಲ್ಲ, ಸೋಮ್ಯಾ," ಎಂದಳು ಆಯಿ.

"ಹೊತ್ತಾಯ್ತು, ಅವ್ವಾ. ಹನ್ನೂರ ಹಳ್ಳಿ ಮುಟ್ಟಬೇಕು." ಅಪ್ಪ ಕಿಸೆಯಿಂದ ಗೊಂಚಲು ತೆಗೆದ. ಟ್ರಕ್ಕಿನ ಕೀಲಿ ಬಿಡಿಸಲು ಬಹಳ ಹೊತ್ತು ಹಿಡಿಯಿತು, ಉಗುರೂ ಮುರಿಯಿತು. ಬಿಡಿಸಿ ಮಲ್ಲಯ್ಯನಿಗೆ ಚಾಚಿದ. "ಇನ್ನ ಮ್ಯಾಲ ಇದು ನಿನ್ನ ಹತ್ರನ ಇರಲಿ."

ಮಲ್ಲಯ್ಯ ಕೀಲಿ ತಗೊಂಡ. ಟ್ರಕ್ಕು ಸ್ಟಾರ್ಟ್ ಆಯಿತು.

"ಮೊಣಕಾಲ ಸರಿಸವ್ವಾ, ಎರಡನೇ ಗೇರ್."

ಪೂನಮಳಿಗೆ ಖುಷಿಯಾಯಿತು. ಎಲ್ಲಾ ಸರಿಹೋಯಿತು ಅಂದುಕೊಂಡಳು. ಇನ್ನು ಅಪ್ಪ ಒಂದು ಮಾತು ಅಂದರೆ ಮುಗಿಯಿತು. ದಾರಿಯಲ್ಲಿ ಅನ್ನುತ್ತಾನೆ ಎಂದು ಕಾದಳು. ಅಪ್ಪ ಟೈರಿನ ಮಾತಾಡಿದ. ರಸ್ತೆಯ ಕೆಲಸ ಎಂದು ಮುಗಿಯುತ್ತದೋ ಎಂದ. ಹನ್ನೂರದಲ್ಲಿ ವೈರು ಹಚ್ಚಿ ಭೋಂಗಾ ಚಾಲೂ ಮಾಡಿದರು. ಕುಕ್ಕರ್ ಸೀಟಿ ಹೊಡೆಯಿತು, ಹೆಂಗಸರು ನಕ್ಕು ಬಂದರು. ಮಲ್ಲಯ್ಯ ಚಾದರ ಬಿಚ್ಚಿ ತೋರಿಸಿದ, ಮಡಚಿ ಇಟ್ಟ, ಬಿಚ್ಚಿ ತೋರಿಸಿದ. ಮಧ್ಯಾಹ್ನ ಅಪ್ಪ ಬಿಸಿ ಭಜಿ ತಂದು, ಹುರಿದ ಮೆಣಸಿನಕಾಯಿ ಎಲ್ಲವನ್ನೂ ಮಲ್ಲಯ್ಯನ ಕಡೆಯೇ ಸರಿಸಿದ.

"ಛಲೋ ಅದ ಇಲ್ಲೋ?"

"ಛಲೋ ಅದರಿ."

ಬರುವಾಗ ಅಪ್ಪ ನೂಲಿನ ರೇಟಿನ ಮಾತಾಡಿದ. ಆ ಒಂದು ಮಾತು ಬಿಟ್ಟು ಎಲ್ಲಾ ಮಾತಾಡಿದ.

ಸಂಜೆ ಮಲ್ಲಯ್ಯ ಟ್ರಕ್ಕನ್ನು ಗೋಡೆಗೆ ಒತ್ತಿ ನಿಲ್ಲಿಸಿದ. ಭೋಂಗಾದ ವೈರು ಬಿಚ್ಚಿದ. ಸೀಟಿನ ಹಿಂದಿನಿಂದ ತನ್ನ ತಲೆದಿಂಬು, ಸ್ಟೀಲಿನ ಲೋಟ ತಗೊಂಡ. ಹೊದ್ದುಕೊಳ್ಳುತ್ತಿದ್ದ ಚಾದರ ಅಂಗಡಿಯದು. ಅದನ್ನು ಗಿರಾಕಿಗೆ ಕೊಡುವ ಹಾಗೆ ನೀಟಾಗಿ ಮಡಚಿ ಸೀಟಿನ ಮೇಲೆ ಇಟ್ಟ. ಮನೆಬಾಗಿಲ ಪಕ್ಕದ ಮೊಳೆಗೆ ಟ್ರಕ್ಕಿನ ಕೀಲಿ ತೂಗುಹಾಕಿದ. ಆಯಿಗೆ ಕೈ ಮುಗಿದ.

ಎದುರುಮನೆಯ ಕಟ್ಟೆಯ ಮೇಲೆ ರೇವಣ್ಣ ಕುಳಿತಿದ್ದ. ಮಲ್ಲಯ್ಯ ಅವನ ಮುಂದಿನಿಂದಲೇ ನಡೆದುಹೋದ. ಮಗ್ಗಗಳು ಖಟಕಾ ಖಟಕಾ ಅನ್ನುತ್ತಿದ್ದವು.

"ನಾಳಿ ಬರ್ತಾನ," ಎಂದ ಅಪ್ಪ.

ಮಲ್ಲಯ್ಯ ಮರುದಿನ ಬರಲಿಲ್ಲ. ಬುಧವಾರ ಅಪ್ಪ ತಾನೇ ಅವನ ಮನೆಗೆ ಹೋಗಿಬಂದ.

"ಏನಂದಾ?" ಆಯಿ ಕೇಳಿದಳು.

"ಚಹಾ ಕೊಟ್ಟಾ."

"ನೀ ಏನಂದಿ?"

"ಟ್ರಕ್ ಈಗ ಛಲೋ ಸ್ಟಾರ್ಟ್ ಆಗಾಕತ್ತದ ಅಂದೆ."

ಆಯಿ ಮಗನ ಮುಖ ನೋಡಿ ಒಳಗೆ ಹೋದಳು.

ರವಿವಾರ ಬಂತು. ಟ್ರಕ್ಕು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಓಡಿಸಲು ಅಪ್ಪನೇ ಕುಳಿತಿದ್ದ. "ಕಿಡಕಿ ಕಡೆ ಸರಿ, ಪೂನಮ. ಬೇಕು ಬೇಕು ಅಂತಿದ್ದಿಯಲ್ಲ."

ಕಿಡಕಿಯ ಸೀಟಿನ ಮೇಲೆ ಮಡಚಿದ ಚಾದರ ಹಾಗೆಯೇ ಇತ್ತು. ಪೂನಮ ನಡುವೆಯೇ ಕುಳಿತಳು.

ಓಣಿಯ ತಿರುವು ಬಂತು. ಅಪ್ಪ ಗೇರಿನ ಮೇಲೆ ಕೈ ಇಟ್ಟ. ಕಣ್ಣು ರಸ್ತೆಯ ಮೇಲೆಯೇ ಇತ್ತು.

ಪೂನಮ ತಾನೇ ಮೊಣಕಾಲು ಸರಿಸಿಕೊಂಡಳು.